ಅಡುಗೆ ಕಟ್ಟೆಗೆ ಲ್ಯಾಮಿನೇಟ್ ಹಾಳೆ ಅಂಟಿಸುವ ಕ್ರಮ

ಪ್ಲೈವುಡ್ಡಿನ ಅಡುಗೆ ಕಟ್ಟೆಗೆ ಲ್ಯಾಮಿನೇಟ್ ಹಾಳೆ ರಕ್ಷಣೆ ನೀಡುತ್ತದೆ. ಆದರೆ ಅಂಚುಗಳಿಂದ ಒಳಹೊಕ್ಕ ನೀರು ಹಲಗೆಯನ್ನು ಉಬ್ಬಿಸುತ್ತದೆ. ಆದುದರಿಂದ ಐ.ಎಸ್. 710 ಗುರುತುಳ್ಳ ಜಲನಿರೋಧಕ ಪ್ಲೈವುಡ್ಡನ್ನು ಆರಿಸುವುದು ಲೇಸು.

ಮೊದಲು ಹಲಗೆಯನ್ನು ಉಜ್ಜುಕಾಗದದಿಂದ ಸಮಗೊಳಿಸಿ, ಧೂಳನ್ನು ಒರೆಸಬೇಕು. ಸುಮಾರು 1 ಮಿ.ಮೀ. ದಪ್ಪದ ಹಾಳೆಯನ್ನು ಅಳತೆಗಿಂತ ತುಸು ದೊಡ್ಡದಾಗಿ ಕತ್ತರಿಸಬೇಕು. ಮುಂಬದಿಯ ಅಂಚುಪಟ್ಟಿಯನ್ನು ಮೊದಲು, ಮೇಲಿನ ಹಾಳೆಯನ್ನು ಅನಂತರ ಅಂಟಿಸಿದರೆ ಹರಿಯುವ ನೀರು ಸಂದಿಗೆ ಸುಲಭವಾಗಿ ಇಳಿಯದು.

ರಬ್ಬರ್ ಅಂಟನ್ನು ಹಲಗೆ, ಹಾಳೆ ಎರಡಕ್ಕೂ ತೆಳುವಾಗಿ ಬಳಿದು, ಬೆರಳಿಗೆ ಹತ್ತದಷ್ಟು ಆರಲು ಬಿಡಬೇಕು. ಎರಡು ಮೈಗಳೂ ಒಮ್ಮೆ ತಾಗಿದರೆ ಹಾಳೆಯನ್ನು ಸರಿಸಲಾಗದು. ಆದ್ದರಿಂದ ನಡುವೆ ಒಣ ಕಡ್ಡಿಗಳನ್ನಿಟ್ಟು ಹಾಳೆಯನ್ನು ಸರಿಹೊಂದಿಸಿ, ನಡುಭಾಗದಿಂದ ಅಂಚಿನತ್ತ ಕಡ್ಡಿಗಳನ್ನು ಒಂದೊಂದಾಗಿ ತೆಗೆಯುತ್ತ ಒತ್ತಬೇಕು. ಹೆಚ್ಚುವರಿ ಅಂಚನ್ನು ಅರದಿಂದ ತೀಡಿ, ಸಿಂಕಿನ ಸುತ್ತಲಿನ ಸಂದನ್ನು ಸಿಲಿಕೋನ್‌ನಿಂದ ಮುಚ್ಚಬೇಕು.

ಎಚ್ಚರಿಕೆ: ಈ ಅಂಟಿನ ಆವಿ ಬೇಗನೆ ಹೊತ್ತಿಕೊಳ್ಳುತ್ತದೆ; ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆ ಹರಡುತ್ತದೆ. ವಾಸನೆ ಪೂರ್ತಿಯಾಗಿ ಹೋಗುವವರೆಗೆ ಒಲೆ, ದೇವರ ದೀಪ, ಬೀಡಿ ಹಚ್ಚಕೂಡದು. ವಿದ್ಯುತ್ ಸ್ವಿಚ್ಚುಗಳನ್ನು ಒತ್ತಕೂಡದು. ಕಿಟಕಿಗಳನ್ನು ತೆರೆದಿಟ್ಟು, ಮಕ್ಕಳನ್ನು ದೂರವಿರಿಸಬೇಕು. ಸಿದ್ಧವಾದ ಕಟ್ಟೆಯ ಮೇಲೆ ಬಿಸಿ ಪಾತ್ರೆಯನ್ನು ನೇರವಾಗಿ ಇಳಿಸದಿದ್ದರೆ ಹಾಳೆ ಬಹುಕಾಲ ಬಾಳುತ್ತದೆ.