ಹೂವಿಲ್ಲದ ಸೀತಾಳೆಯ ಗುರುತು ಹಿಡಿಯುವುದು ಹೇಗೆ?

ಮುಂಗಾರು ಹತ್ತಿರವಾದಂತೆ ಮಲೆನಾಡು, ಕೊಡಗಿನ ಕಾಫಿ ತೋಟಗಳಲ್ಲಿ ಮರಗಸಿಯ ಗಡಿಬಿಡಿ. ನೆರಳಿನ ಮರದ ಕೊಂಬೆಗಳ ಜತೆಗೆ ಅವುಗಳ ಮೇಲೆ ವರ್ಷಗಟ್ಟಲೆ ನೆಲೆಸಿದ್ದ ಸೀತಾಳೆ, ಅಂದರೆ ಆರ್ಕಿಡ್ ಗಿಡಗಳೂ ನೆಲಕ್ಕೆ ಬೀಳುತ್ತವೆ. ಉಳಿದ ಒಣಕೊಂಬೆಗಳನ್ನು ಆಷಾಢದ ಗಾಳಿ ಕೆಡವುತ್ತದೆ. ಕಸದ ರಾಶಿಗೆ ಹೋಗಲಿದ್ದ ಆರ್ಕಿಡ್ಡನ್ನು ಎತ್ತಿಕೊಂಡು ಮನೆಯ ಮುಂದಿನ ಮಾವಿಗೋ ಹಲಸಿಗೋ ಕಟ್ಟುವವರು ಈಗ ಸಾಕಷ್ಟಿದ್ದಾರೆ. ಕಟ್ಟಿದ ಮೇಲೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಇದರ ಹೆಸರೇನು?

ಹೂವಿದ್ದರೆ ಉತ್ತರ ಸುಲಭ. ಆದರೆ ಹೆಚ್ಚಿನ ಆರ್ಕಿಡ್‌ಗಳಲ್ಲಿ ಹೂವಿರುವುದು ವರ್ಷಕ್ಕೆ ಕೆಲವೇ ವಾರ. ಉಳಿದಂತೆ ನಾಲ್ಕು ಎಲೆ, ಒಂದಿಷ್ಟು ಬೇರು. ಪುಸ್ತಕ ತೆರೆದರೂ ತಕ್ಷಣಕ್ಕೆ ನೆರವು ಸಿಗದು. ಸಂತಾಪಾವ್ ಮತ್ತು ಕಪಾಡಿಯಾ ಅವರ ‘ದಿ ಆರ್ಕಿಡ್ಸ್ ಆಫ್ ಬಾಂಬೆ’ (1966), ಸಲ್ಡಾನಾ ಮತ್ತು ನಿಕೋಲ್ಸನ್ ಅವರ ‘ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್’ (1976) ನಮ್ಮ ಕಡೆಯ ಆಸಕ್ತರಿಗೆ ಉಪಯುಕ್ತವಾದ ಗ್ರಂಥಗಳು. ಆದರೆ ಇಂಥ ಗ್ರಂಥಗಳು ಮೊದಲು ವಿಚಾರಿಸುವುದು ಹೂವನ್ನು: ತುಟಿಯ ಆಕಾರ ಹೇಗಿದೆ, ಪರಾಗದ ಮುದ್ದೆಗಳು ಎರಡೋ, ನಾಲ್ಕೋ, ಎಂಟೋ?

ಹಾಗಾಗಿ ಆಸೆಯನ್ನು ಸ್ವಲ್ಪ ತಗ್ಗಿಸಿಕೊಂಡು ಶುರು ಮಾಡಿ. ಹೂವಿಲ್ಲದ ಗಿಡದಲ್ಲಿ ಕುಲದವರೆಗೆ, ಅಂದರೆ ಇದು ವಾಂಡಾ, ಇದು ಡೆಂಡ್ರೋಬಿಯಂ ಎನ್ನುವವರೆಗೆ ಬಹಳಷ್ಟು ಸಲ ತಲುಪಬಹುದು. ಅದರಾಚೆಗಿನ ಪ್ರಭೇದದ ಹೆಸರು ಕೆಲವಕ್ಕೆ ಸಿಗುತ್ತದೆ, ಹಲವಕ್ಕೆ ಇಲ್ಲ. ನನ್ನ ಮಟ್ಟಿಗೆ ತಪ್ಪು ಹೆಸರಿನ ಚೀಟಿಗಿಂತ ‘ಡೆಂಡ್ರೋಬಿಯಂ, ಯಾವುದೆಂದು ಗೊತ್ತಿಲ್ಲ’ ಎಂಬ ಚೀಟಿಯೇ ಮೇಲು.

ಮೊದಲು, ಅದು ಆರ್ಕಿಡ್ ಹೌದೇ?

ಮರದ ಮೇಲೆ ಬೆಳೆಯುವುದನ್ನೆಲ್ಲ ಬಂದಳಿಕೆ ಎಂದು ಕಿತ್ತೆಸೆಯುವ ರೂಢಿ ಹಲವು ಕಡೆ ಇದೆ. ನಿಜವಾದ ಬಂದಳಿಕೆ ಕೊಂಬೆಯ ಒಳಗೇ ಬೇರಿಳಿಸಿ ಮರದ ರಸ ಹೀರುತ್ತದೆ. ಅದು ಕೂಡಿಕೊಂಡ ಜಾಗದಲ್ಲಿ ಕೊಂಬೆ ಗಂಟುಕಟ್ಟಿರುತ್ತದೆ, ಗಿಡಕ್ಕೆ ಕಟ್ಟಿಗೆಯಂಥ ರೆಂಬೆಗಳಿರುತ್ತವೆ. ಆರ್ಕಿಡ್‌ನ ಬೇರು ತೊಗಟೆಗೆ ಅಂಟಿಕೊಂಡಿರುತ್ತದೆ, ಅಷ್ಟೇ. ಮರದಿಂದ ಅದು ಪಡೆಯುವುದು ಕೂರಲು ಜಾಗ ಮಾತ್ರ.

ಒಣಗಿದ ಬೇರಿನ ಮೇಲೆ ನೀರು ಚಿಮುಕಿಸಿ ನೋಡಿ. ಮರದ ಆರ್ಕಿಡ್‌ನ ಬೇರಿಗೆ ನೀರು ಹೀರುವ ಬಿಳಿ ಹೊದಿಕೆ ಇರುತ್ತದೆ. ಅದು ನೆನೆದಾಗ ಒಳಗಿನ ಹಸಿರು ಕಾಣುತ್ತದೆ. ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳಲ್ಲಿ ಇದು ಅತ್ಯಂತ ನಂಬಿಕಸ್ತ.

ಎಲೆಯ ಹಿಂಬದಿಯಲ್ಲಿ ಕಂದು ಚುಕ್ಕಿಗಳ ಸಾಲಿದ್ದರೆ ಅದು ಜರಿಗಿಡ. ಎಲೆ ಮುರಿದಾಗ ಹಾಲು ಒಸರಿದರೆ ಹೋಯಾ ಇರಬಹುದು, ಆರ್ಕಿಡ್ ಖಂಡಿತ ಅಲ್ಲ. ಮಳೆಗಾಲದಲ್ಲಿ ಪತ್ರೊಡೆಗೆಂದು ಹುಡುಕುವ ಮರಕೆಸು ಎಲೆಯಿದ್ದಾಗ ಯಾರನ್ನೂ ಏಮಾರಿಸದು. ಆದರೆ ಎಲೆ ಸತ್ತ ಮೇಲೆ ಮರದ ಸಂದಿಯಲ್ಲಿ ಉಳಿಯುವ ಅದರ ಗಡ್ಡೆಯನ್ನು ಆರ್ಕಿಡ್ ಎಂದು ಜೋಪಾನ ಮಾಡಿದವರಿದ್ದಾರೆ.

ಗಿಡ ಬೆಳೆಯುವ ದಿಕ್ಕು

ಆರ್ಕಿಡ್ ಹೌದೆಂದು ಖಾತ್ರಿಯಾದ ಮೇಲೆ ಎಲೆ ನೋಡುವ ಆತುರ ಬೇಡ. ಗಿಡ ಬೆಳೆಯುವ ಬಗೆಯನ್ನು ನೋಡಿ.

ಕೆಲವು ಗಿಡಗಳಿಗೆ ಒಂದೇ ಕಾಂಡ, ಒಂದೇ ಸುಳಿ. ಸುಳಿ ಮೇಲಕ್ಕೆ ಸಾಗುತ್ತಲೇ ಇರುತ್ತದೆ, ಎಡಕ್ಕೊಂದು ಬಲಕ್ಕೊಂದು ಎಲೆ ಬಿಡುತ್ತದೆ, ಕೆಳಗಿನ ಎಲೆಗಳು ಉದುರುತ್ತವೆ. ಗಡ್ಡೆ ಇರುವುದಿಲ್ಲ. ಬೇರುಗಳು ದಪ್ಪ, ಕಾಂಡದ ನಡುವಿನಿಂದಲೂ ಹೊರಡುತ್ತವೆ. ವಾಂಡಾ, ಸೀತೆದಂಡೆ ಎನ್ನುವ ರಿಂಕೋಸ್ಟೈಲಿಸ್, ಏರಿಡಿಸ್, ಅಕಾಂಪೆ, ಲೂಸಿಯಾ ಈ ಗುಂಪಿನವು.

ಇನ್ನು ಕೆಲವು ಪಕ್ಕಕ್ಕೆ ಸಾಗುತ್ತವೆ. ಒಂದು ಚಿಗುರು ಬೆಳೆದು ನಿಲ್ಲುತ್ತದೆ, ಮುಂದಿನ ವರ್ಷ ಅದರ ಬುಡದಿಂದ ಇನ್ನೊಂದು ಏಳುತ್ತದೆ. ಈ ಗುಂಪಿನ ಹೆಚ್ಚಿನವುಗಳಲ್ಲಿ ಕಾಂಡವೇ ಉಬ್ಬಿ ನೀರು, ಆಹಾರ ಕೂಡಿಡುವ ಹುಸಿಗಡ್ಡೆಯಾಗಿರುತ್ತದೆ. ಡೆಂಡ್ರೋಬಿಯಂ, ಬಲ್ಬೋಫಿಲಂ, ಸೀಲೋಜೈನ್, ಸಿಂಬಿಡಿಯಂ ಈ ಕಡೆಯವು. ಇಷ್ಟು ನೋಡಿದರೆ ಅರ್ಧ ಕೆಲಸ ಮುಗಿದಂತೆ. ಒಂದು ಗುಂಪಿನ ಗಿಡಕ್ಕೆ ಇನ್ನೊಂದು ಗುಂಪಿನ ಹೆಸರು ಅಂಟಿಸುವ ತಪ್ಪಂತೂ ಆಗುವುದಿಲ್ಲ.

ಗಡ್ಡೆ ಇದ್ದರೆ ಎಲೆ ಎಣಿಸಿ

ಪ್ರತಿ ಹುಸಿಗಡ್ಡೆಯ ತುದಿಯಲ್ಲಿ ಎಲೆ ಎಷ್ಟಿದೆ? ತೊಗಟೆಯ ಮೇಲೆ ಹರಿದ ಕಾಂಡ, ಅದರ ಮೇಲೆ ಅಲ್ಲಲ್ಲಿ ಸಣ್ಣ ಗಡ್ಡೆ, ಒಂದೊಂದಕ್ಕೆ ಒಂದೇ ದಪ್ಪ ಎಲೆ ಇದ್ದರೆ ಮೊದಲು ಬಲ್ಬೋಫಿಲಂ ಎಂದು ಅನುಮಾನಿಸಿ. ಒತ್ತಾದ ಗಡ್ಡೆಗಳು, ತಲೆಯ ಮೇಲೆ ಎರಡು ಎಲೆ ಎಂದಾದರೆ ಸೀಲೋಜೈನ್ ಕಡೆಗೆ ನೋಡಿ. ಗಡ್ಡೆಗೊಂದೇ ಎಲೆ, ಆದರೆ ಅದು ಉದ್ದವಾಗಿ, ಉಬ್ಬಿದ ನರಗಳಿಂದ ನೆರಿಗೆಗಟ್ಟಿದ್ದರೆ ಫೋಲಿಡೋಟಾ ಇರಬಹುದು. (2021ರಲ್ಲಿ ಸಸ್ಯಶಾಸ್ತ್ರಜ್ಞರು ಫೋಲಿಡೋಟಾವನ್ನು ಸೀಲೋಜೈನ್‌ಗೇ ಸೇರಿಸಿದ್ದಾರೆ. ಹಳೆಯ ಪುಸ್ತಕದಲ್ಲಿ ಒಂದು ಹೆಸರು, ಜಾಲತಾಣದಲ್ಲಿ ಇನ್ನೊಂದು ಕಂಡರೆ ಗಾಬರಿಯಾಗಬೇಡಿ.)

ಡೆಂಡ್ರೋಬಿಯಂನಲ್ಲಿ ಗಡ್ಡೆ ಕೋಲಿನಂತೆ ನೀಳ, ಮೈಮೇಲೆ ಗಿಣ್ಣುಗಳು. ಎಲೆಗಳು ಗಿಣ್ಣುಗಿಣ್ಣಿಗೂ ಹುಟ್ಟುತ್ತವೆ. ನಮ್ಮ ಘಟ್ಟದ ಬಾರ್ಬಟುಲಂ, ಓವಾಟಂ ಪ್ರಭೇದಗಳು ಬೇಸಗೆಗೆ ಮುಂಚೆ ಎಲೆ ಉದುರಿಸಿ ಬರಿಯ ಕೋಲುಗಳಾಗಿ ನಿಲ್ಲುತ್ತವೆ, ಆ ಬರಿಗೋಲಿನ ಮೇಲೇ ಹೂ ಬರುತ್ತದೆ. ಸತ್ತಿದೆ ಎಂದು ಎಸೆಯುವುದು ಹೆಚ್ಚಾಗಿ ಇವನ್ನೇ. ಕೋಲನ್ನು ಬೆರಳಿನಿಂದ ಒತ್ತಿ ನೋಡಿ, ಗಟ್ಟಿಯಿದ್ದರೆ ಜೀವವಿದೆ. ಈ ಎರಡರಲ್ಲಿ ಯಾವುದೆಂದು ಮಾತ್ರ ಹೂವಿಲ್ಲದೆ ಹೇಳಲು ಹೋಗಬೇಡಿ.

ಉದ್ದನೆಯ, ದಪ್ಪ ಪಟ್ಟಿಯಂಥ ಎಲೆಗಳ ದೊಡ್ಡ ಪೊದೆ ಮರದ ಕವಲಿನಲ್ಲಿ ಕೂತಿದ್ದರೆ ಸಿಂಬಿಡಿಯಂ. ಅದರ ಗಡ್ಡೆ ಎಲೆಬುಡಗಳ ಒಳಗೆ ಅಡಗಿರುವುದರಿಂದ ಗಡ್ಡೆಯೇ ಇಲ್ಲವೆಂದು ಮೋಸಹೋಗುವುದುಂಟು. ಗಡ್ಡೆಯಿಲ್ಲದೆ, ಚಪ್ಪಟೆಯಾದ ಎಲೆಗಳು ಬೀಸಣಿಗೆಯಂತೆ ಒಂದರೊಳಗೊಂದು ಕೂಡಿದ್ದರೆ ಒಬೆರೋನಿಯಾ. ಎಲೆಯೇ ಇಲ್ಲದೆ ತೊಗಟೆಯ ಮೇಲೆ ಹಸಿರು ಬೇರು ಮಾತ್ರ ಹರಡಿದ್ದರೆ? ಅದೂ ಆರ್ಕಿಡ್ಡೇ. ಟೀನಿಯೋಫಿಲಂ ಎಂಬ ಈ ಪುಟ್ಟ ಗಿಡದಲ್ಲಿ ಎಲೆಯ ಕೆಲಸವನ್ನು ಬೇರು ಮಾಡುತ್ತದೆ.

ಎಲೆಯ ತುದಿ ಹೇಳುವುದು

ಒಂದೇ ಸುಳಿಯ ಗುಂಪಿನಲ್ಲಿ ಗೊಂದಲ ಜಾಸ್ತಿ. ವಾಂಡಾ, ಸೀತೆದಂಡೆ, ಏರಿಡಿಸ್, ಅಕಾಂಪೆ ನಾಲ್ಕೂ ದೂರದಿಂದ ಒಂದೇ ಥರ. ಇಲ್ಲಿ ಒಂದು ಭೂತಗನ್ನಡಿ ತೆಗೆದುಕೊಂಡು ಎಲೆಯ ತುದಿ ನೋಡಿ. ಒಂದೇ ಎಲೆ ನೋಡಿ ತೀರ್ಮಾನಿಸಬೇಡಿ, ಹುಳು ತಿಂದಿರಬಹುದು, ಬಿಸಿಲಿಗೆ ಸುಟ್ಟಿರಬಹುದು. ಪೂರ್ತಿ ಬಲಿತ ಮೂರು ನಾಲ್ಕು ಎಲೆಗಳಲ್ಲಿ ಅದೇ ಆಕಾರ ಕಂಡರೆ ನಂಬಿ.

ಬಯಲುಸೀಮೆಯ ಮಾವಿನ ಮರಗಳಲ್ಲೂ ಸಿಗುವ ವಾಂಡಾ ಟೆಸ್ಸೆಲ್ಲಾಟಾದ ಎಲೆ ಕಿರಿದು, ನಡುನರದ ಉದ್ದಕ್ಕೂ ಮಡಚಿದಂತಿರುತ್ತದೆ. ತುದಿ ಕಚ್ಚಿ ಹರಿದಂತೆ ಹಲ್ಲುಹಲ್ಲು, ಸಾಮಾನ್ಯವಾಗಿ ಮೂರು ಮೊನೆ. ಅಕಾಂಪೆಯ ಎಲೆ ಚರ್ಮದಷ್ಟು ದಪ್ಪ, ಬಗ್ಗಿಸಿದರೆ ಬಗ್ಗದು, ತುದಿಯಲ್ಲಿ ಒಂದು ದೊಡ್ಡದು ಒಂದು ಚಿಕ್ಕದು ಎಂಬಂತೆ ಎರಡು ದುಂಡು ಹಾಲೆಗಳು. ರಸ್ತೆಬದಿಯ ಹಳೆಯ ಮರಗಳಲ್ಲಿ ರಾಶಿ ಬೆಳೆದು, ಸೀತೆದಂಡೆಯೆಂದು ಆಸೆ ಹುಟ್ಟಿಸುವ ಗಿಡ ಹೆಚ್ಚಾಗಿ ಇದೇ. ಏರಿಡಿಸ್‌ನ ಎಲೆ ತುದಿಯೂ ಎರಡು ಹಾಲೆಯದೇ, ಆದರೆ ಎಲೆ ಅಷ್ಟು ಒರಟಲ್ಲ. ಸೀತೆದಂಡೆಯ ಎಲೆ ಕಾಲುವೆಯಾಗಿ ಬಾಗಿ ಇಳಿಬೀಳುತ್ತದೆ, ತುದಿ ಮೊಂಡು, ಎರಡು ಬದಿ ಸಮವಿರುವುದಿಲ್ಲ. ಏರಿಡಿಸ್ ಮತ್ತು ಸೀತೆದಂಡೆಯ ನಡುವೆ ಎಲೆಯಿಂದಷ್ಟೇ ತೀರ್ಪು ಕೊಡುವುದು ಅನುಭವಿಗಳಿಗೂ ಕಷ್ಟ. ಲೂಸಿಯಾದ ತಕರಾರಿಲ್ಲ: ಎಲೆ ಚಪ್ಪಟೆಯೇ ಅಲ್ಲ, ಕಡ್ಡಿಯಂತೆ ದುಂಡಗೆ.

ಒಣಗಿದ ಹೂದಂಡೆಯನ್ನು ಕತ್ತರಿಸಬೇಡಿ

ಗಿಡ ಚೊಕ್ಕಟ ಮಾಡುವ ಉತ್ಸಾಹದಲ್ಲಿ ಎಲ್ಲರೂ ಮೊದಲು ಕತ್ತರಿಸಿ ಎಸೆಯುವುದು ಒಣಗಿದ ಹೂದಂಡೆಯನ್ನು. ಹೂವಿಲ್ಲದ ಗಿಡದ ಮೇಲಿರುವ ಅತ್ಯುತ್ತಮ ಸಾಕ್ಷಿಯೇ ಅದು.

ದಂಡೆ ಹೊರಟ ಜಾಗ ನೋಡಿ: ಎಲೆಯ ಕಂಕುಳಿಂದಲೋ, ಗಡ್ಡೆಯ ಬುಡದಿಂದಲೋ, ನೆತ್ತಿಯಿಂದಲೋ? ಬಲ್ಬೋಫಿಲಂ, ಸಿಂಬಿಡಿಯಂಗಳಲ್ಲಿ ಬುಡದಿಂದ. ಒಬೆರೋನಿಯಾದಲ್ಲಿ ಚಿಗುರಿನ ತುದಿಯಿಂದ. ಒಂದೇ ಸುಳಿಯ ಗುಂಪಿನಲ್ಲಿ ಯಾವಾಗಲೂ ಕಾಂಡದ ಪಕ್ಕದಿಂದ.

ಆಮೇಲೆ ದಂಡೆಯ ಮೇಲೆ ಹೂ ಉದುರಿದ ಕಲೆಗಳನ್ನು ನೋಡಿ. ಉದ್ದನೆಯ, ಜೋತುಬಿದ್ದ ದಂಡೆಯ ಸುತ್ತ ಕಲೆಗಳು ಒತ್ತೊತ್ತಾಗಿ ತುಂಬಿದ್ದರೆ ಸೀತೆದಂಡೆ. ಏರಿಡಿಸ್‌ನಲ್ಲಿ ಅವು ಅಷ್ಟು ಒತ್ತಿಲ್ಲ. ವಾಂಡಾದಲ್ಲಿ ದಂಡೆ ನೆಟ್ಟಗೆ, ಕಲೆಗಳು ಕೆಲವೇ, ದೂರದೂರ. ಅಕಾಂಪೆಯಲ್ಲಿ ಎಲೆಗಿಂತ ಗಿಡ್ಡವಾದ ಮೋಟು ದಂಡೆ, ಹಲವು ಸಲ ದಪ್ಪ ಕಾಯಿಗಳ ಗೊಂಚಲು ಅಲ್ಲೇ ನಿಂತಿರುತ್ತದೆ. ಎಲೆ ತುದಿಯಲ್ಲಿ ಬಗೆಹರಿಯದ ಜಗಳ ಇಲ್ಲಿ ಬಗೆಹರಿಯುವುದುಂಟು.

ಕಾಯಿ ಸಿಕ್ಕರೆ ಅದರ ತುದಿಯನ್ನು ಗಮನಿಸಿ, ಹೂವಿನ ಒಣಗಿದ ಅವಶೇಷ ಇನ್ನೂ ಅಂಟಿಕೊಂಡಿರಬಹುದು. ಬಿಸಿನೀರಿನಲ್ಲಿ ನೆನೆಸಿದರೆ ಅದು ಮೆತ್ತಗಾಗಿ ಬಿಚ್ಚಿಕೊಳ್ಳುತ್ತದೆ, ತುಟಿಯ ಆಕಾರವೂ ಒಮ್ಮೊಮ್ಮೆ ಕಾಣುತ್ತದೆ. ಕಾಯಿ ಹಸಿರಾಗಿದ್ದರೆ ಈ ಸಲದ ಹೂವಿನ ಕಾಲ ಕಳೆದಿದೆ ಎಂದರ್ಥ, ಅದನ್ನೂ ಬರೆದಿಡಿ.

ನೆಲದವುಗಳ ಕತೆ ಬೇರೆ

ನೆಲದ ಆರ್ಕಿಡ್‌ಗಳಲ್ಲಿ ಹಲವು ಮಳೆಗಾಲ ಮುಗಿದೊಡನೆ ಮಣ್ಣೊಳಗಿನ ಗೆಡ್ಡೆಗೆ ಮರಳುತ್ತವೆ. ನರ್ವೀಲಿಯಾದಲ್ಲಿ ಹೂವಿನ ಕಾಲಕ್ಕೆ ಎಲೆಯಿಲ್ಲ, ಎಲೆಯ ಕಾಲಕ್ಕೆ ಹೂವಿಲ್ಲ. ಮೊದಲ ಮಳೆಗೆ ಹೂ ಬಂದುಹೋಗಿ, ಆಮೇಲೆ ಹೃದಯಾಕಾರದ ಒಂಟಿ ಎಲೆ ಏಳುತ್ತದೆ. ಜಿಯೋಡೋರಂನ ಹೂದಂಡೆ ಹೂವಿದ್ದಾಗ ತಲೆತಗ್ಗಿಸಿ, ಕಾಯಿಕಟ್ಟಿದಾಗ ನೆಟ್ಟಗಾಗುತ್ತದೆ. ಹೂವಿನ ಚಿತ್ರ ಮಾತ್ರ ಕಂಡವರಿಗೆ ಕಾಯಿಯ ಗಿಡ ಗುರುತೇ ಸಿಗದು. ಹೆಸರಿನ ಆಸೆಗೆ ಗೆಡ್ಡೆ ಅಗೆಯಬೇಡಿ. ಗೂಟ ನೆಟ್ಟು ಜಾಗ ಗುರುತಿಟ್ಟು ಮುಂದಿನ ಮಳೆಗೆ ಬನ್ನಿ.

ನರ್ಸರಿಯಿಂದ ತಂದ ಚೀಟಿಯಿಲ್ಲದ ಕುಂಡಗಳ ಬಗ್ಗೆ ಎರಡೇ ಮಾತು. ಅಗಲ, ರಸಭರಿತ ಎಲೆ, ಗಡ್ಡೆಯಿಲ್ಲ: ಫಲೆನಾಪ್ಸಿಸ್. ನೆಟ್ಟನೆಯ ಕೋಲುಗಳು: ಡೆಂಡ್ರೋಬಿಯಂ. ಚಪ್ಪಟೆ ಗಡ್ಡೆ, ತೆಳು ಎಲೆ: ಆನ್ಸಿಡಿಯಂ. ದಪ್ಪ ಗಡ್ಡೆಯ ತಲೆಯ ಮೇಲೆ ಒಂದೋ ಎರಡೋ ಗಡಸು ಎಲೆ: ಕ್ಯಾಟ್ಲಿಯಾ. ಇವು ಬಹುತೇಕ ಮಿಶ್ರತಳಿಗಳು, ತಳಿಯ ಹೆಸರು ಎಲೆಯಿಂದ ಎಂದೂ ಸಿಗುವುದಿಲ್ಲ, ಅದಕ್ಕಾಗಿ ತಲೆಕೆಡಿಸಿಕೊಳ್ಳುವುದು ವ್ಯರ್ಥ.

ಇತರರನ್ನು ಕೇಳುವ ಮುನ್ನ

ಫೋನಿನ ಆ್ಯಪ್‌ಗೆ ಎಲೆಯ ಚಿತ್ರ ಕೊಟ್ಟರೆ ಅದು ಏನೋ ಒಂದು ಹೆಸರನ್ನು ಧೈರ್ಯವಾಗಿ ಹೇಳುತ್ತದೆ. ಅದನ್ನು ಸುಳಿವೆಂದು ಇಟ್ಟುಕೊಳ್ಳಿ, ತೀರ್ಪೆಂದು ಬೇಡ. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್, ಐನ್ಯಾಚುರಲಿಸ್ಟ್‌ನಂಥ ತಾಣಗಳಲ್ಲಿ ತಿಳಿದವರಿದ್ದಾರೆ, ಆದರೆ ಮಸುಕಾದ ಒಂದು ಚಿತ್ರಕ್ಕೆ ಅವರೂ ಉತ್ತರಿಸಲಾರರು. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಇಡೀ ಗಿಡ, ಎಲೆಯ ತುದಿ, ಎಲೆ ಕಾಂಡಕ್ಕೆ ಕೂಡುವ ಬುಡ, ಗಡ್ಡೆ, ಬೇರು, ಹಳೆಯ ಹೂದಂಡೆ ಇಷ್ಟನ್ನೂ ಬೇರೆಬೇರೆಯಾಗಿ ತೆಗೆಯಿರಿ. ಯಾವ ಊರು, ಯಾವ ಮರ, ಎಷ್ಟು ಎತ್ತರದ ಪ್ರದೇಶ, ಯಾವ ತಿಂಗಳು ಎಂದು ಬರೆಯಿರಿ. ಗಿಡ ಕಾಡಿನಲ್ಲಿದ್ದರೆ ನಕ್ಷೆಯಲ್ಲಿ ನಿಖರ ಜಾಗ ಮರೆಮಾಡಿ. ಕದಿಯುವವರೂ ಅವೇ ತಾಣಗಳನ್ನು ನೋಡುತ್ತಾರೆ. ಬಿದ್ದ ಕೊಂಬೆಯೆಂಬ ನೆಪದಲ್ಲಿ ಮೀಸಲು ಅರಣ್ಯದಿಂದ ಗಿಡ ತರುವುದು ಅಪರಾಧ. ಇಡೀ ಆರ್ಕಿಡ್ ಕುಟುಂಬ ಸೈಟಿಸ್ ಒಪ್ಪಂದದ ವ್ಯಾಪ್ತಿಯಲ್ಲಿರುವುದರಿಂದ ವಿದೇಶದ ಮಗನ ಮನೆಗೆ ಚೀಲದಲ್ಲಿ ಒಯ್ಯುವಂತೆಯೂ ಇಲ್ಲ.

ಇನ್ನು ಕಾಯುವ ಕೆಲಸ. ತೋಟದಲ್ಲಿ ಬಿದ್ದ ಗಿಡವನ್ನು ಒರಟು ತೊಗಟೆಯ ಮರಕ್ಕೆ ತೆಂಗಿನ ನಾರಿನ ಹುರಿಯಿಂದ ಕಟ್ಟಿ. ಪೇರಳೆಯಂತೆ ತೊಗಟೆ ಸುಲಿಯುವ ಮರ ಬೇಡ, ಮಣ್ಣಂತೂ ಬೇಡವೇ ಬೇಡ. ಬೇರು ಹಿಡಿಯುವುದರಲ್ಲೇ ಒಂದು ಹೂವಿನ ಕಾಲ ಕಳೆದುಹೋಗಬಹುದು.

ಹೂ ಬಿಟ್ಟ ದಿನ ಎದುರಿನಿಂದ ಒಂದೇ ಚಿತ್ರ ತೆಗೆದು ಸುಮ್ಮನಾಗಬೇಡಿ. ಪಕ್ಕದಿಂದ, ಹಿಂದಿನಿಂದ, ತುಟಿಯನ್ನು ಹತ್ತಿರದಿಂದ ತೆಗೆಯಿರಿ. ಒಂದು ಹೂವನ್ನು ಉದ್ದಕ್ಕೆ ಸೀಳಿ ಒಳಭಾಗದ ಚಿತ್ರ ತೆಗೆದು, ಇನ್ನೊಂದನ್ನು ಸಣ್ಣ ಬಾಟಲಿಯಲ್ಲಿ ಸ್ಪಿರಿಟ್ ಹಾಕಿ ಇಡಿ. ಬಣ್ಣ ಹೋದರೂ ಆಕಾರ ಉಳಿಯುತ್ತದೆ. ನಿಮ್ಮ ಜಿಲ್ಲೆಯ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದವರಿಗೆ ಅಷ್ಟು ಸಾಕು. ಅವರು ಹೇಳಿದ ಹೆಸರನ್ನು ಚೀಟಿಯಲ್ಲಿ ಹಳೆಯ ಊಹೆಯ ಕೆಳಗೆ ಬರೆಯಿರಿ, ಹಳೆಯದನ್ನು ಅಳಿಸಬೇಡಿ: ಮುಂದೆ ಅಂಥದೇ ಎಲೆ ಕಂಡಾಗ ಎಲ್ಲಿ ಎಡವಿದಿರಿ ಎಂದು ಅದೇ ತೋರಿಸುತ್ತದೆ.