ಪಿಕಪ್ ಗಾಡಿಗೆ ಡಿಫರೆನ್ಷಿಯಲ್ ಬೀಗ ಬೇಕೆ?

ನಮ್ಮ ಇಂದಿರಾಪುರಂ ವಾಚನಾಲಯಕ್ಕೆ ಬರುವ ಬಾಂಧವರಲ್ಲಿ ಸಾಹಿಬಾಬಾದಿನ ಕಾರ್ಖಾನೆಗಳಿಗೂ ಮಂಡಿಗೂ ಸಾಮಾನು ಸಾಗಿಸುವ ಪಿಕಪ್ ಚಾಲಕರು ಕೆಲವರಿದ್ದಾರೆ. ಕೂಡಿಟ್ಟ ಹಣಕ್ಕೆ ಸಾಲ ಸೇರಿಸಿ, ಊರಿನಲ್ಲಿ ಒಂದು ಗಾಡಿ ಕೊಂಡು ಅಲ್ಲಿಯೇ ನೆಲೆಸಬೇಕೆಂದು ಯೋಚಿಸುವವರೂ ಇದ್ದಾರೆ. ಇವರೆಲ್ಲ ಕೇಳುವ ಪ್ರಶ್ನೆಯೊಂದಿದೆ: ಹಿಂದಿನ ಆಕ್ಸಲಿಗೆ ಲಿಮಿಟೆಡ್ ಸ್ಲಿಪ್ ಹಾಕಿಸಬೇಕೆ, ಲಾಕರ್ ಹಾಕಿಸಬೇಕೆ, ಅಥವಾ ಇದ್ದುದೇ ಸಾಕೆ? ನಾವು ಗಿರಣಿಯಲ್ಲಿ ಲೆಕ್ಕ ಬರೆಯುವವರೇ ಹೊರತು ಸ್ಪ್ಯಾನರ್ ಹಿಡಿದವರಲ್ಲ. ಆದರೂ ಈ ವಿಷಯದ ಬಹುಭಾಗ ಲೆಕ್ಕದಿಂದಲೇ ತಿಳಿಯತಕ್ಕದ್ದಾದ್ದರಿಂದ ಬರೆಯುವ ಧೈರ್ಯ ಮಾಡಿದ್ದೇವೆ.

ಮೊದಲು ಡಿಫರೆನ್ಷಿಯಲ್ ಏಕೆ ಬೇಕು ಎಂಬುದನ್ನು ನೋಡೋಣ. ಶಾಲೆಯ ಕವಾಯತಿನಲ್ಲಿ ಸಾಲು ತಿರುಗುವಾಗ ಒಳತುದಿಯ ಹುಡುಗ ನಿಂತಲ್ಲೇ ಹೆಜ್ಜೆ ಹಾಕುತ್ತಾನೆ, ಹೊರತುದಿಯವನು ಓಡಬೇಕಾಗುತ್ತದೆ. ಗಾಡಿಯ ಎರಡು ಚಕ್ರಗಳಿಗೂ ಇದೇ ಗತಿ. ಚಕ್ರಗಳ ನಡುವಣ ಅಂತರ ೧.೫ ಮೀಟರ್ ಎಂದಿಟ್ಟುಕೊಂಡರೆ, ಬೀದಿಯ ಮೂಲೆಯಲ್ಲಿ ಒಂದು ಕಾಲು ಸುತ್ತು ತಿರುಗುವಷ್ಟರಲ್ಲಿ ಹೊರಚಕ್ರವು ಒಳಚಕ್ರಕ್ಕಿಂತ ಸುಮಾರು ೨.೩೬ ಮೀಟರ್ ಹೆಚ್ಚು ಉರುಳಬೇಕು. ತಿರುವು ಚಿಕ್ಕದಿರಲಿ ದೊಡ್ಡದಿರಲಿ, ಈ ವ್ಯತ್ಯಾಸ ಅಷ್ಟೇ. ಎತ್ತಿನ ಬಂಡಿಯಲ್ಲಿ ಪ್ರತಿ ಗಾಲಿಯೂ ಅಚ್ಚಿನ ಮೇಲೆ ತನ್ನಷ್ಟಕ್ಕೆ ತಿರುಗುವುದರಿಂದ ತೊಂದರೆಯಿಲ್ಲ. ಇಂಜಿನ್ನಿನ ಬಲವನ್ನು ಎರಡು ಚಕ್ರಗಳಿಗೂ ಕೊಡಬೇಕು, ಆದರೆ ಅವು ಬೇರೆ ಬೇರೆ ವೇಗದಲ್ಲಿ ತಿರುಗಲೂ ಬೇಕು ಎಂದಾಗಲೇ ಕ್ರೌನ್ ಚಕ್ರದೊಳಗಿನ ಆ ಚಿಕ್ಕ ಗೇರುಗಳು ಅವಶ್ಯಕವಾಗುವುದು.

ಸಾಧಾರಣ ಡಿಫರೆನ್ಷಿಯಲ್ ಎರಡು ಚಕ್ರಗಳಿಗೂ ಸಮಬಲವನ್ನೇ ಹಂಚುತ್ತದೆ. ಕೇಳುವುದಕ್ಕೆ ಇದು ನ್ಯಾಯವೇ. ಕೆಸರಿನಲ್ಲಿ ಮಾತ್ರ ಅನ್ಯಾಯ. ಜಾರುವ ಚಕ್ರ ತಡೆದುಕೊಳ್ಳುವಷ್ಟು ಬಲವೇ ಗಟ್ಟಿನೆಲದ ಚಕ್ರಕ್ಕೂ ಸಿಗುವುದರಿಂದ, ಒಂದು ಚಕ್ರ ಗಿರ್ರನೆ ತಿರುಗಿ ಕೆಸರೆರಚುತ್ತದೆ, ಇನ್ನೊಂದು ಕದಲುವುದಿಲ್ಲ.

ಒಂದು ಉದಾಹರಣೆಯನ್ನು ಲೆಕ್ಕಕ್ಕಾಗಿ ಹಿಡಿಯೋಣ. ಹೊರೆ ಸೇರಿ ೩೦೦೦ ಕಿಲೋ ತೂಗುವ ಗಾಡಿ. ೧೦ ಅಡಿಗೆ ೧ ಅಡಿ ಏರುವ ದಾರಿ. ಹತ್ತುವುದಕ್ಕೆಂದೇ ಸುಮಾರು ೩೦೦ ಕಿಲೋ ನೂಕುಬಲ ಬೇಕು. ಎಡಚಕ್ರ ಲೋಳೆ ಮಣ್ಣಿನಲ್ಲಿದ್ದು ೫೦ ಕಿಲೋಗಿಂತ ಹೆಚ್ಚು ತಾಳದು ಎನ್ನಿ. ಆಗ ಬಲಚಕ್ರಕ್ಕೂ ೫೦, ಒಟ್ಟು ೧೦೦. ಗಾಡಿ ನಿಂತೇ ಇರುತ್ತದೆ. ಗೇರುಗಳಿಂದ ಕೆಲಸ ಮಾಡುವ ಲಿಮಿಟೆಡ್ ಸ್ಲಿಪ್ ಇದ್ದು, ಅದು ಹಿಡಿತವಿರುವ ಚಕ್ರಕ್ಕೆ ಎರಡೂವರೆ ಪಟ್ಟು ಕೊಡುವಂಥದಾದರೆ ೫೦ ಮತ್ತು ೧೨೫, ಒಟ್ಟು ೧೭೫. ಈ ಏರಿಗೆ ಇನ್ನೂ ಸಾಲದು. ಸಮತಟ್ಟು ಕೆಸರಾದರೆ ಸಾಕಾದೀತು. ಲಾಕರ್ ಹಾಕಿದರೆ ಎರಡು ಆಕ್ಸಲ್‌ಗಳೂ ಒಂದೇ ಸಲಾಕೆಯಂತೆ ಬಿಗಿಯುತ್ತವೆ. ಗಟ್ಟಿನೆಲದ ಚಕ್ರದ ಮೇಲೆ ೯೦೦ ಕಿಲೋ ಭಾರವಿದ್ದು, ಅದರ ಹತ್ತರಲ್ಲಿ ಆರು ಪಾಲು ಹಿಡಿತ ಸಿಕ್ಕಿದರೆ ಅದೊಂದೇ ೫೪೦ ಕಿಲೋ ನೂಕಬಲ್ಲದು. ಗಾಡಿ ಹತ್ತುತ್ತದೆ. ಚಕ್ರವು ಪೂರ್ತಿ ಗಾಳಿಯಲ್ಲಿ ನೇತಾಡಿದರೆ ಗೇರಿನ ಲಿಮಿಟೆಡ್ ಸ್ಲಿಪ್ಪಿಗೆ ಸೊನ್ನೆಯ ಎರಡೂವರೆ ಪಟ್ಟು, ಅಂದರೆ ಸೊನ್ನೆಯೇ. ಆಗ ಬ್ರೇಕನ್ನು ಮೆಲ್ಲಗೆ ಒತ್ತಿ ಆ ಚಕ್ರವನ್ನು ತುಸು ತಡೆದರೆ ಇನ್ನೊಂದಕ್ಕೆ ಬಲ ಹೋಗುವುದುಂಟು.

ಈ ಗೇರಿನ ಬಗೆಯಲ್ಲಿ ಹೆಸರಾದ ‘ಟಾರ್ಸನ್’ಗೆ ಅಮೆರಿಕದ ವರ್ನನ್ ಗ್ಲೀಸ್‌ಮನ್ ೧೯೫೮ರಲ್ಲಿ ಪೇಟೆಂಟ್ ಪಡೆದರು. ಇನ್ನೊಂದು ಬಗೆಯಲ್ಲಿ ಕ್ಲಚ್ ಪ್ಲೇಟುಗಳ ಉಜ್ಜಾಟದಿಂದ ಹಿಡಿತ ಬರುತ್ತದೆ. ಪ್ಲೇಟುಗಳು ಸವೆಯುತ್ತವೆ, ತಕ್ಕ ಎಣ್ಣೆಯನ್ನೇ ಹಾಕಬೇಕು. ಹಿಂದಿನ ಎರಡು ಟೈರುಗಳಲ್ಲಿ ಒಂದು ಹೊಸದು ಒಂದು ಸವೆದದ್ದು ಎಂದಾದರೆ, ನೇರ ದಾರಿಯಲ್ಲಿಯೂ ಪ್ಲೇಟುಗಳಿಗೆ ಬಿಡುವಿಲ್ಲ. ಒಂದೊಂದೇ ಟೈರು ಬದಲಿಸುವ ನಮ್ಮವರ ಉಳಿತಾಯದ ಅಭ್ಯಾಸಕ್ಕೆ ಇದು ಒಗ್ಗದು.

ಊರಿನಲ್ಲಿ ಟ್ರಾಕ್ಟರ್ ನಡೆಸಿದವರಿಗೆ ಲಾಕರ್ ಹೊಸದಲ್ಲ. ಹಿಮ್ಮಡಿಯ ಬಳಿಯ ಪೆಡಲನ್ನು ಒತ್ತಿ ಗದ್ದೆಯ ಕೆಸರಿನಿಂದ ಹೊರಬಂದು ಕಾಲು ತೆಗೆಯುತ್ತೇವಲ್ಲ, ಅದೇ ಇದು. ಒತ್ತಿಕೊಂಡು ತಿರುಗಬಾರದೆಂಬ ನಿಯಮವೂ ಅದೇ. ಬಿಗಿದ ಆಕ್ಸಲಿನೊಡನೆ ಡಾಂಬರು ರಸ್ತೆಯಲ್ಲಿ ತಿರುಗಿದರೆ ಆ ೨.೩೬ ಮೀಟರನ್ನು ಟೈರು ಉಜ್ಜಿ ತೀರಿಸಬೇಕು, ಇಲ್ಲವೆ ಆಕ್ಸಲ್ ಮುರಿಯಬೇಕು. ೨೦೨೨ರಲ್ಲಿ ಭಾರತಕ್ಕೆ ಬಂದ ಟೊಯೋಟಾ ಹೈಲಕ್ಸ್ ಪಿಕಪ್ಪಿನಲ್ಲಿ ಗುಂಡಿ ಒತ್ತಿ ಹಾಕುವ ಹಿಂದಿನ ಲಾಕ್ ಇದೆ. ಮಹೀಂದ್ರದ ೨೦೨೦ರ ಥಾರ್ ಮತ್ತು ೨೦೨೧ರ ಬೊಲೆರೋ ನಿಯೋ ಗಾಡಿಗಳ ಕೆಲವು ಮಾದರಿಗಳಲ್ಲಿ, ಚಕ್ರಗಳ ವೇಗದಲ್ಲಿ ಬಹಳ ವ್ಯತ್ಯಾಸವಾದಾಗ ತಾನಾಗಿಯೇ ಬಿಗಿಯುವ ಲಾಕ್ ಬಂದಿತು.

ಇನ್ನು ಮಳೆಗಾಲದ ಅಪಾಯ. ಆಗುಂಬೆ, ಸಂಪಾಜೆ ಘಾಟಿಗಳಲ್ಲಿ ಓಡುವವರು ಇದನ್ನು ಗಮನಿಸಬೇಕು. ಓರೆಯಾದ ಒದ್ದೆ ದಾರಿಯಲ್ಲಿ ಸಾಧಾರಣ ಡಿಫರೆನ್ಷಿಯಲ್ ಇದ್ದರೆ ಜಾರುವುದು ಒಂದು ಚಕ್ರ. ಇನ್ನೊಂದು ಗಾಡಿಯ ಹಿಂಭಾಗವನ್ನು ಹಿಡಿದು ನಿಲ್ಲಿಸುತ್ತದೆ. ಬೀಗ ಬಿದ್ದಾಗ ಎರಡೂ ಒಟ್ಟಿಗೆ ಜಾರಬಹುದು. ಆಗ ಗಾಡಿಯ ಬಾಲ ಕಂದಕದ ಕಡೆಗೆ ಹೊರಳುತ್ತದೆ. ಹೊರೆಯಿಲ್ಲದೆ ಹಿಂದಿರುಗುವ ಪಿಕಪ್ಪಿಗೆ ಹಿಂಭಾಗ ಹಗುರವಾದ್ದರಿಂದ ಈ ಭಯ ಇನ್ನೂ ಹೆಚ್ಚು. ಆದಕಾರಣ ಘಾಟಿಯವರಿಗೆ ಚಾಲಕನೇ ಹಾಕಿ ತೆಗೆಯುವ ಲಾಕರ್ ಲೇಸು. ಕಾಫಿ ತೋಟದ ದಾರಿಯಲ್ಲಿ ಹಾಕಿ, ಡಾಂಬರಿಗೆ ಬಂದೊಡನೆ ತೆಗೆಯಬೇಕು.

ಇಂದಿರಾಪುರಂ, ಸಾಹಿಬಾಬಾದು, ನೋಯ್ಡಾ ಎಂದು ಓಡುವವರಿಗೆ ನಮ್ಮ ಅಭಿಪ್ರಾಯದಲ್ಲಿ ಎರಡೂ ಬೇಡ. ಮಳೆನೀರು ನಿಂತ ಅಂಡರ್‌ಪಾಸಿನಲ್ಲಿ ಕೆಡುವುದು ಇಂಜಿನ್. ಅದಕ್ಕೆ ಲಾಕರ್ ಮದ್ದಲ್ಲ. ವಾರಕ್ಕೆ ಒಂದೆರಡು ಸಲ ಕಟ್ಟಡದ ನಿವೇಶನದ ಮಣ್ಣಿಗೆ ಇಳಿಯುವವರು ಆ ಹಣದಲ್ಲಿ ಹಿಂದಿನ ಎರಡು ಟೈರು ಹೊಸದು ಹಾಕಿಸಲಿ. ಖಾಲಿ ಗಾಡಿಯಾದರೆ ಎರಡು ಮರಳುಚೀಲ ಹಿಂದಿನ ಆಕ್ಸಲಿನ ಮೇಲೆ ಬರುವಂತೆ ಕಟ್ಟಿಡಲಿ. ಧಾರವಾಡ, ಗದಗದ ಎರೆಭೂಮಿಯವರಿಗೂ ಟೈರೇ ಮೊದಲು. ಹಸಿ ಎರೆಮಣ್ಣು ಟೈರಿನ ಸಂದಿಗಳಲ್ಲಿ ಮೆತ್ತಿಕೊಂಡರೆ ಎರಡು ಚಕ್ರಗಳೂ ಜಾರುತ್ತವೆ. ಎರಡೂ ಜಾರುವಲ್ಲಿ ಬೀಗ ಹಾಕಿ ಫಲವೇನು?

ಹೊರಗೆ ಹಾಕಿಸುವುದೇ ಆದರೆ ವಾರಂಟಿ ಉಳಿಯುವುದೇ ಎಂದು ಕಂಪೆನಿಯಿಂದಲೂ, ಪಾಲಿಸಿಗೆ ಬಾಧೆಯುಂಟೇ ಎಂದು ವಿಮೆಯವರಿಂದಲೂ ಮೊದಲೇ ಬರವಣಿಗೆಯಲ್ಲಿ ಪಡೆಯಿರಿ. ಮಾರುವವನ ಬಾಯಿಮಾತು ಕ್ಲೇಮಿನ ದಿನ ಕೆಲಸಕ್ಕೆ ಬಾರದು.

ಹಾಕಿಸಿದ ಮೇಲೆ ಮೆಕ್ಯಾನಿಕ್ಕಿಗೆ ಈ ಮಾತನ್ನು ಹೇಳಲೇಬೇಕು. ಸಾಧಾರಣ ಗಾಡಿಯ ಹಿಂದಿನ ಒಂದು ಚಕ್ರವನ್ನು ಜಾಕಿಯಿಂದ ಎತ್ತಿ, ಗೇರು ಹಾಕಿ ಇಂಜಿನ್ ಓಡಿಸಿ ನೋಡುವ ರೂಢಿ ಕೆಲವೆಡೆ ಇದೆ. ಲಿಮಿಟೆಡ್ ಸ್ಲಿಪ್ ಅಥವಾ ಲಾಕರ್ ಇರುವ ಗಾಡಿಯಲ್ಲಿ ಹಾಗೆ ಮಾಡಿದರೆ ನೆಲದಲ್ಲಿರುವ ಚಕ್ರಕ್ಕೂ ಬಲ ಹೋಗಿ, ಗಾಡಿ ಜಾಕಿಯಿಂದ ಜಿಗಿದು ಕೆಳಗಿದ್ದವನ ಮೇಲೆ ಬೀಳಬಹುದು. ‘ಎರಡೂ ಚಕ್ರ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸದೆ ಗೇರು ಹಾಕಬೇಡಿ’ ಎಂದು ಕನ್ನಡದಲ್ಲಿಯೂ ಹಿಂದಿಯಲ್ಲಿಯೂ ಚೀಟಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿಡಿ. ಹಿಂದಿ ಬರೆಯಲು ಬಾರದವರು ಭಾನುವಾರ ವಾಚನಾಲಯಕ್ಕೆ ಬಂದರೆ ನಾವು ಬರೆದುಕೊಡುತ್ತೇವೆ.