ಪ್ರಿಲಿಮ್ಸ್‌ಗಿಂತ ಮೊದಲು ಒಂದು ಎಂ.ಎ.

ಪ್ರೀತಿಯ ಮಗಳೇ,

ಬಿ.ಎ. ಮುಗಿದ ಮೇಲೆ ಯುಪಿಎಸ್‌ಸಿ ಬಿಟ್ಟು ಬೇರೇನೂ ಬೇಡ ಎಂದು ತೀರ್ಮಾನಿಸಿದ್ದೀಯಂತೆ. ತಡೆಯಲು ಬರೆಯುತ್ತಿಲ್ಲ, ಆದರೆ ಲೆಕ್ಕ ನೋಡು. 2024ರ ಪರೀಕ್ಷೆಗೆ ಅರ್ಜಿ ಹಾಕಿದವರು 9.9 ಲಕ್ಷಕ್ಕೂ ಹೆಚ್ಚು, ಪ್ರಿಲಿಮ್ಸ್ ಬರೆದವರು 5.8 ಲಕ್ಷ, ಕೊನೆಗೆ ಆಯ್ಕೆಯಾದವರು 1,009. ಉಳಿದವರು ದಡ್ಡರೂ ಅಲ್ಲ, ಸೋಮಾರಿಗಳೂ ಅಲ್ಲ. ಇದ್ದ ಹುದ್ದೆಗಳೇ ಅಷ್ಟು. ಆರು ಸಲ ಬರೆದು ಹೊರಬಂದವರ ಕೈಯಲ್ಲಿ ಎಷ್ಟೋ ಸಲ ಉಳಿಯುವುದು ಅದೇ ಹಳೆಯ ಬಿ.ಎ. ಪದವಿ. ಓದಿದ್ದೇನೂ ವ್ಯರ್ಥವಾಗುವುದಿಲ್ಲ ಎನ್ನುತ್ತೀಯೇನೋ. ಲಕ್ಷ್ಮೀಕಾಂತರ ರಾಜ್ಯವ್ಯವಸ್ಥೆಯ ಪುಸ್ತಕವನ್ನು ನಾಲ್ಕನೇ ಸಲ, ಹಳದಿ ಗೆರೆಯ ಮೇಲೆ ಹಸಿರು ಗೆರೆ ಎಳೆದು ಓದಿದರೆ ಸಂವಿಧಾನದ ಹನ್ನೊಂದನೇ ಅನುಸೂಚಿ ಪಂಚಾಯಿತಿಗಳಿಗೆ ಹೇಳಿದ 29 ವಿಷಯಗಳು ಬಾಯಿಪಾಠವಾಗುತ್ತವೆ. ಆ 29ರಲ್ಲಿ ನಿಮ್ಮೂರ ಪಂಚಾಯಿತಿಯ ಕೈಗೆ ನಿಜವಾಗಿ ಬಂದದ್ದೆಷ್ಟು ಎಂಬ ಪ್ರಶ್ನೆ ಮಾತ್ರ ಹಾಗೆ ಹುಟ್ಟುವುದಿಲ್ಲ. ರಾಜ್ಯಶಾಸ್ತ್ರ ಶುರುವಾಗುವುದು ಆ ಪ್ರಶ್ನೆಯಿಂದ.

ನಮ್ಮ ಪೀಳಿಗೆ ಈ ಶಾಸ್ತ್ರ ಓದಿದ್ದು ತುರ್ತು ಪರಿಸ್ಥಿತಿಯ ಬಿಸಿ ಆರುವ ಮೊದಲೇ. 1983ರಲ್ಲಿ ಕರ್ನಾಟಕಕ್ಕೆ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು; ಅದರ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಪಟ್ಟುಹಿಡಿದು ಪಂಚಾಯಿತಿ ಕಾಯ್ದೆ ತಂದರು. 1987ರ ಚುನಾವಣೆಯಲ್ಲಿ ಮಹಿಳೆಯರಿಗೆ ಶೇ. 25ರಷ್ಟು ಸ್ಥಾನ ಮೀಸಲಿತ್ತು. ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿಗಳು ಜಿಲ್ಲಾ ಪರಿಷತ್ತಿನ ಮುಖ್ಯ ಕಾರ್ಯದರ್ಶಿಗಳಾಗಿ, ಚುನಾಯಿತ ಅಧ್ಯಕ್ಷರ ಕೈಕೆಳಗೆ ಕೂತರು. ಅಧಿಕಾರ ಕುರ್ಚಿ ಬದಲಿಸಿದ್ದು ಕಣ್ಣೆದುರಿಗೇ ಕಾಣುತ್ತಿತ್ತು. ಪಂಚಾಯಿತಿಗಳ ಕುರಿತ ಸಂವಿಧಾನದ 73ನೇ ತಿದ್ದುಪಡಿ ದೇಶಕ್ಕೆಲ್ಲ ಜಾರಿಯಾದದ್ದು 1993ರಲ್ಲಿ, ಇಷ್ಟೆಲ್ಲ ಆದ ಮೇಲೆ. ಇಂಥ ನೆಲದಲ್ಲಿ ಹುಟ್ಟಿ, ಇದೇ ವಿಷಯವನ್ನು ಮೂರು ವರ್ಷ ಓದಿ, ಕೊನೆಗೆ ಅದನ್ನು ಪರೀಕ್ಷೆಯ ಏಣಿ ಮಾಡಿಕೊಳ್ಳುತ್ತೀಯಲ್ಲ, ನನಗೆ ಸಿಟ್ಟು ಬರುವುದು ಅದಕ್ಕೇ.

ಎಂ.ಎ. ಮಾಡಿದರೆ ಕೆಲಸ ಯಾರು ಕೊಡುತ್ತಾರೆ ಎಂಬುದು ನ್ಯಾಯವಾದ ಪ್ರಶ್ನೆಯೇ. ನೋಟ್ಸ್ ನಂಬಿ ಮಾಡಿದ ಎಂ.ಎ.ಗೆ ಯಾರೂ ಕೊಡುವುದಿಲ್ಲ. ಬಜೆಟ್ ಓದಲು, ಸಮೀಕ್ಷೆ ನಡೆಸಲು, ಕಾಯ್ದೆಯ ಕಲಮು ಬಿಡಿಸಲು ಕಲಿತವರ ಮಾತು ಬೇರೆ. ಅವರಿಗೆ ನೆಟ್, ಕೆ-ಸೆಟ್ ದಾಟಿ ಪಾಠ ಹೇಳುವ ದಾರಿಯಿದೆ, ಸಂಶೋಧನೆಯಿದೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಸಾರ್ವಜನಿಕ ನೀತಿಯ ಸ್ನಾತಕೋತ್ತರ ಪದವಿಯಿದೆ, ಗದಗಿನಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವೇ ಇದೆ. ಮೂರು ವರ್ಷದ ಎಲ್‌ಎಲ್‌.ಬಿ.ಗೆ ಯಾವ ಪದವಿಯಾದರೂ ನಡೆಯುತ್ತದೆ. ಸಂವಿಧಾನ ಓದಿ ಬಂದವಳಿಗೆ ಅದು ಹೊಸ ಊರಲ್ಲ. ದುಡ್ಡಿನ ಚಿಂತೆಯಾದರೆ ಸರ್ಕಾರಿ ವಿಶ್ವವಿದ್ಯಾಲಯದ ಎಂ.ಎ. ಶುಲ್ಕವನ್ನೂ ಬೆಂಗಳೂರಿನ ವಿಜಯನಗರದ ಪಿ.ಜಿ. ಬಾಡಿಗೆ, ಕೋಚಿಂಗ್ ಖರ್ಚನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡು. ಯುಪಿಎಸ್‌ಸಿ ಬಾಗಿಲೇನೂ ಮುಚ್ಚುವುದಿಲ್ಲ: ಮೇನ್ಸ್‌ನಲ್ಲಿ ಐಚ್ಛಿಕ ವಿಷಯಕ್ಕೆ 500 ಅಂಕ, ಅದಕ್ಕೆ ನಿನ್ನ ಎಂ.ಎ. ಓದೇ ಬಂಡವಾಳ.

ಗದರಿದೆ, ಬೇಸರ ಮಾಡಿಕೊಳ್ಳಬೇಡ. ಊರಿಗೆ ಹೋದಾಗ ಪಂಚಾಯಿತಿ ಕಚೇರಿಯಲ್ಲಿ ಗ್ರಾಮಸಭೆಯ ನಡಾವಳಿ ಪುಸ್ತಕ ಕೇಳಿ, ಕಳೆದ ವರ್ಷದ ಠರಾವುಗಳನ್ನು ಓದಿಕೊಂಡು ಬಾ. ಕಂಡದ್ದನ್ನು ನನಗೆ ಬರಿ. ಅರ್ಜಿಯ ಮಾತು ಆಮೇಲೆ ಆಡೋಣ.

ನಿನ್ನ ಹಿತ ಬಯಸುವ,
ಹಿರಿಯ